ಸಮುದ್ರದ ಮುಂದಿನ ಮನೆಗೆ ಗಿರಾಕಿ ಯಾಕಿಲ್ಲ?

ಬಾಲ್ಕನಿಗೆ ಬಂದರೆ ಸಮುದ್ರ. ಬೆಲೆಯೂ ಇಳಿಸಿದ್ದಾರೆ. ಆದರೂ ಅಮೆರಿಕದ ಫ್ಲಾರಿಡಾದ ಎಷ್ಟೋ ಹಳೇ ಕಾಂಡೋಗಳಿಗೆ, ಅಂದರೆ ಅಪಾರ್ಟ್‌ಮೆಂಟ್ ಮನೆಗಳಿಗೆ, ಗಿರಾಕಿ ಇಲ್ಲ. ಯಾಕೆ?

2021ರ ಜೂನ್ 24, ಜನ ಮಲಗಿದ್ದ ಹೊತ್ತು. ಮಯಾಮಿ ಹತ್ತಿರದ ಸರ್ಫ್‌ಸೈಡ್‌ನಲ್ಲಿ 12 ಅಂತಸ್ತಿನ ಕಟ್ಟಡ ಕುಸಿದು 98 ಜನ ಸತ್ತರು. ಮರುವರ್ಷ ಕಾನೂನು ಬಂತು: ಮೂರು ಅಂತಸ್ತು, ಅದಕ್ಕೂ ಎತ್ತರದ ಹಳೇ ಕಟ್ಟಡಗಳಿಗೆ ತಪಾಸಣೆ ಕಡ್ಡಾಯ, ದುರಸ್ತಿ ನಿಧಿಯೂ ಕಡ್ಡಾಯ. ಆ ದುಡ್ಡು ಮನೆ ಮಾಲೀಕರೇ ಕಟ್ಟಬೇಕು. ಮೇಂಟೆನೆನ್ಸ್ ಏರಿತು, ಇನ್ಶೂರೆನ್ಸ್ ಏರಿತು, ಮನೆ ಬೆಲೆ ಜಾರಿತು.

ಕಾನೂನು ಬೇಕೇ ಬೇಕಿತ್ತು. ಆದರೆ ಪಿಂಚಣಿ ನಂಬಿದ ಹಿರಿಯರಿಗೆ ಈ ಹೊರೆ ನಿಜಕ್ಕೂ ಸಂಕಟ.

ಅಲ್ಲಿ ಮನೆ ಮಾರೋಕೆ ಹೊರಟಿದ್ದೀರಾ? 2022ರ ಬೆಲೆ ಮರೆತುಬಿಡಿ. ಅದೇ ಕಟ್ಟಡದಲ್ಲಿ ಈಚೆಗೆ ಬೇರೆ ಮನೆ ಎಷ್ಟಕ್ಕೆ ಹೋಯ್ತು ನೋಡಿ. ತಪಾಸಣಾ ವರದಿ, ನಿಧಿಯ ಲೆಕ್ಕ ಎರಡನ್ನೂ ಗಿರಾಕಿ ಕೇಳೋ ಮೊದಲೇ ಮುಂದಿಡಿ.