ಜೀನ್ ಹೆಸರು ಸಿಕ್ಕಿದೆ, ಔಷಧಿ?

ಲ್ಯಾನ್ಸೆಲಾಟ್ ಎಂಬ ನಾಯಿಯ ಕಥೆ ಕೇಳಿದ್ದೀರಾ? ಮೈತುಂಬಾ ಕೂದಲಿನ ಬ್ರಿಯಾರ್ಡ್ ತಳಿ. ಹುಟ್ಟಿದಾಗಿನಿಂದ ಕಣ್ಣು ಕಾಣದು. ಕಾರಣ, ಆರ್‌ಪಿಇ65 ಎಂಬ ಒಂದೇ ಒಂದು ಜೀನ್ ಕೆಟ್ಟಿತ್ತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಬೆನೆಟ್ (ಹೌದು, ಅವರ ಹೆಸರೇ ಜೀನ್!) ಮತ್ತು ಅವರ ಪತಿ ಆಲ್ಬರ್ಟ್ ಮ್ಯಾಗೈರ್ ಇದ್ದ ತಂಡ, ಅದೇ ಜೀನ್‌ನ ಸರಿಯಾದ ಪ್ರತಿಯನ್ನು ನಿರುಪದ್ರವಿ ವೈರಸ್‌ನೊಳಗೆ ತುಂಬಿ ಅದರ ಅಕ್ಷಿಪಟಲದ ಅಡಿಗೆ ಚುಚ್ಚಿತು. ನಾಯಿಗೆ ಕಣ್ಣು ಬಂತು. 2001ರಲ್ಲಿ ಈ ಪ್ರಯೋಗ ಪ್ರಕಟವಾಯಿತು. ಲ್ಯಾನ್ಸೆಲಾಟ್ ಅಮೆರಿಕದ ಸಂಸತ್ತಿಗೂ ಹೋಗಿಬಂದ!

ಅದೇ ಕೆಲಸ ಮುಂದುವರಿದು ಮನುಷ್ಯರಿಗೆ ಲಕ್ಸ್‌ಟರ್ನಾ ಎಂಬ ಔಷಧಿಯಾಯಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎರಡೂ ಕಣ್ಣಿಗೆ ಸೇರಿ ಬೆಲೆ 8.5 ಲಕ್ಷ ಡಾಲರ್. ಆಗಿನ ಲೆಕ್ಕಕ್ಕೇ ಐದು ಕೋಟಿ ರೂಪಾಯಿಗೂ ಹೆಚ್ಚು.

ಎಲೆಕ್ಟ್ರಾನಿಕ್ಸ್ ಓದುವ ನನಗೆ ಇದೆಲ್ಲ ಯಾಕೆ ಬೇಕು ಅಂತೀರಾ? ನಮ್ಮ ದೊಡ್ಡಪ್ಪನ ಮಗ, ಅಣ್ಣನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಮೊದಲು ಮಂದ ಬೆಳಕಿನಲ್ಲಿ ನೋಡಲು ಬೇಕಾದ ಕೋಶಗಳು ಸಾಯುತ್ತವೆ, ಆಮೇಲೆ ನೋಟ ಅಂಚಿನಿಂದ ಕುಗ್ಗುತ್ತಾ ಕೊಳವೆಯಲ್ಲಿ ಇಣುಕಿದಂತಾಗುತ್ತದೆ. ಪಿಯುಸಿಯಲ್ಲಿದ್ದಾಗ ಸಂಜೆಯಾದರೆ ಹೊಸಿಲು ಎಡವುತ್ತಿದ್ದ. ಅಜ್ಜಿ ಇರುಳುಗಣ್ಣು ಎಂದು ವರ್ಷಗಟ್ಟಲೆ ನುಗ್ಗೆಸೊಪ್ಪು ತಿನ್ನಿಸಿದರು. ಅಜ್ಜಿಯ ಊಹೆ ಬುಡವಿಲ್ಲದ್ದೇನಲ್ಲ. ವಿಟಮಿನ್ ಎ ಕೊರತೆಯಿಂದಲೂ ಇರುಳುಗಣ್ಣು ಬರುತ್ತದೆ. ಆದರೆ ಅಣ್ಣನದು ತಟ್ಟೆಯ ಕೊರತೆ ಆಗಿರಲಿಲ್ಲ.

ಲಕ್ಸ್‌ಟರ್ನಾ ವಿಷಯ ಮೊಬೈಲ್‌ನಲ್ಲಿ ಓದಿದ ದಿನ ಮನೆಯಲ್ಲಿ ಹಬ್ಬ. ದೊಡ್ಡಪ್ಪ ಅಡಿಕೆ ತೋಟ ಮಾರುವ ಮಾತೂ ಆಡಿದರು. ಡಾಕ್ಟರ್ ಮಾತ್ರ, ಮೊದಲು ಯಾವ ಜೀನ್ ಅಂತ ತಿಳಿಯೋಣ ಎಂದು ರಕ್ತ ತೆಗೆಸಿದರು. ಅಕ್ಷಿಪಟಲದ ಆನುವಂಶಿಕ ಕಾಯಿಲೆಗಳಿಗೆ ಕಾರಣವಾಗುವ 250ಕ್ಕೂ ಹೆಚ್ಚು ಜೀನ್‌ಗಳು ಈವರೆಗೆ ಪತ್ತೆಯಾಗಿವೆ. ಲಕ್ಸ್‌ಟರ್ನಾ ಅವುಗಳಲ್ಲಿ ಒಂದಕ್ಕೆ ಮಾತ್ರ. ವಾರಗಳ ನಂತರ ಬಂದ ರಿಪೋರ್ಟಿನಲ್ಲಿ ಇದ್ದದ್ದು ಯುಎಸ್‌ಎಚ್‌2ಎ. ತೋಟ ಉಳಿಯಿತು. ದೊಡ್ಡಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಹಾಗಾದರೆ ಆ ಜೀನನ್ನೂ ವೈರಸ್‌ಗೆ ತುಂಬಬಹುದಲ್ಲ ಅಂತ ನಾನೂ ಕೇಳಿದೆ. ಸಮಸ್ಯೆ ಇರುವುದು ಸ್ಟೋರೇಜ್‌ನಲ್ಲಿ. ಎಎವಿ ಎಂಬ ಆ ವೈರಸ್ ಹೊರಬಲ್ಲದ್ದು ಸುಮಾರು 4,700 ಅಕ್ಷರಗಳ ಡಿಎನ್‌ಎ. ಯುಎಸ್‌ಎಚ್‌2ಎಯಲ್ಲಿ ಪ್ರೋಟೀನಿನ ಸೂತ್ರವೇ 15,000 ಅಕ್ಷರ ದಾಟುತ್ತದೆ. 4 ಜಿಬಿ ಪೆನ್‌ಡ್ರೈವ್‌ಗೆ 13 ಜಿಬಿ ಸಿನಿಮಾ ಹಾಕಿದ ಹಾಗೆ! ಇಡೀ ಜೀನ್ ಬದಲಿಸುವ ಬದಲು ಕೆಟ್ಟ ತುಣುಕನ್ನಷ್ಟೇ ದಾಟಿಸುವ ಅಥವಾ ತಿದ್ದುವ ದಾರಿಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ನನಗೆ ಹೆಚ್ಚು ಹಿಡಿಸಿದ್ದು ಆಪ್ಟೋಜೆನೆಟಿಕ್ಸ್. ಯಾವ ಜೀನ್ ಕೆಟ್ಟಿದೆ ಎಂದು ಅದು ಕೇಳುವುದೇ ಇಲ್ಲ. ಬೆಳಕು ಹಿಡಿಯುವ ಕೋಶಗಳು ಸತ್ತ ಮೇಲೂ, ಮಿದುಳಿಗೆ ಸುದ್ದಿ ಒಯ್ಯುವ ಕೋಶಗಳು ಬಹುಪಾಲು ಬದುಕಿರುತ್ತವೆ. ಪಾಚಿಯಲ್ಲಿರುವ, ಬೆಳಕಿಗೆ ಸ್ಪಂದಿಸುವ ಪ್ರೋಟೀನಿನ ಜೀನನ್ನು ಈ ಕೋಶಗಳಿಗೆ ಕೊಡುತ್ತಾರೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಣ್ಣು ಕಳೆದುಕೊಂಡು ದಶಕಗಳಾಗಿದ್ದ 58 ವರ್ಷದ ವ್ಯಕ್ತಿಯೊಬ್ಬರು ಮೇಜಿನ ಮೇಲಿನ ನೋಟ್‌ಬುಕ್ ಎಲ್ಲಿದೆ ಎಂದು ಹೇಳಿ ಮುಟ್ಟಿದರು. ಅವರು ಧರಿಸಿದ್ದ ಕನ್ನಡಕದ ಕ್ಯಾಮೆರಾ ಎದುರಿನ ದೃಶ್ಯದ ಬದಲಾವಣೆ ಹಿಡಿದು, ಅದನ್ನು ಅಂಬರ್ ಬಣ್ಣದ ಬೆಳಕಾಗಿ ಅಕ್ಷಿಪಟಲಕ್ಕೆ ಕಳಿಸುತ್ತಿತ್ತು. ಮುಖ ಗುರುತಿಸುವಷ್ಟು ನೋಟವಲ್ಲ. ಆದರೆ ಆ ಕನ್ನಡಕ ಪೂರ್ತಿ ನಮ್ಮ ಬ್ರಾಂಚಿನ ಕೆಲಸ: ಸೆನ್ಸರ್, ಸಿಗ್ನಲ್ ಪ್ರೊಸೆಸಿಂಗ್, ಪ್ರೊಜೆಕ್ಟರ್. ಅಟೆಂಡೆನ್ಸ್‌ಗಾಗಿ ಕೂರುತ್ತಿದ್ದ ಡಿಎಸ್‌ಪಿ ಕ್ಲಾಸಿನಲ್ಲಿ ಈಗ ಮುಂದಿನ ಬೆಂಚು ನನ್ನದು.

ಅಣ್ಣ ಇದನ್ನೆಲ್ಲ ಕೇಳಿ, 'ನೀನು ಕನ್ನಡಕ ಮಾಡೋವರೆಗೆ ನಂಗೆ ಟಾಕ್‌ಬ್ಯಾಕ್ ಸಾಕು ಕಣೋ' ಅಂತ ನಗುತ್ತಾನೆ. ಫೋನ್ ಓದಿ ಹೇಳುವ ವೇಗಕ್ಕೆ ನನ್ನ ಕಿವಿ ಸೋಲುತ್ತದೆ, ಅವನದು ಸೋಲುವುದಿಲ್ಲ.

ರಿಪೋರ್ಟ್ ಔಷಧಿ ಕೊಡದಿದ್ದರೂ ಒಂದು ಕೆಲಸ ಮಾಡಿದೆ. ದೊಡ್ಡಪ್ಪ, ದೊಡ್ಡಮ್ಮ ಸೋದರಿಕೆಯಲ್ಲೇ ಮದುವೆಯಾದವರು. ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದಿತ್ತು. ಜೊತೆಗೆ ಸರಿಯಾದದ್ದೂ ಇದ್ದುದರಿಂದ ಅವರ ಕಣ್ಣಿಗೆ ಏನೂ ಆಗಲಿಲ್ಲ. ಇಂಥ ದಂಪತಿಯ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾಯಿಲೆ ಇಲ್ಲದ ಅಕ್ಕ ಕೆಟ್ಟ ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು. ಮ್ಯಾಥ್ಸ್ ಪೇಪರಿನಲ್ಲಿ ಬಂದಿದ್ದರೆ ಎರಡು ಮಾರ್ಕ್ಸ್‌ನ ಪ್ರಶ್ನೆ.

ಅಕ್ಕನನ್ನು ಅವಳ ಸೋದರಮಾವನ ಮಗನಿಗೆ ಕೊಡುವ ಮಾತು ಚಿಕ್ಕಂದಿನಿಂದ ಇದೆ. ಇಬ್ಬರಿಗೂ ಒಪ್ಪಿಗೆಯೇ. ಆದರೂ ಅಕ್ಕ, 'ಮೊದಲು ಇಬ್ಬರ ರಕ್ತ ಪರೀಕ್ಷೆ, ಆಮೇಲೆ ಹೂ ಮುಡಿಸೋ ಶಾಸ್ತ್ರ' ಎಂದು ಪಟ್ಟು ಹಿಡಿದಳು. 'ಹುಡುಗಿ ಹೀಗೆಲ್ಲ ಕೇಳಬಾರದು' ಎಂದು ಅಜ್ಜಿ ಎರಡು ದಿನ ಮಾತು ಬಿಟ್ಟರು. ಅಣ್ಣ ಮಾತ್ರ ಅವಳ ಪರ ನಿಂತ. ಯಾವ ಜೀನ್ ಎಂದು ಮೊದಲೇ ಗೊತ್ತಿರುವುದರಿಂದ ಈ ಸಲ ಹುಡುಕಾಟ ಸುಲಭ, ಆ ಒಂದು ಜಾಗ ನೋಡಿದರೆ ಸಾಕು. ಕಳೆದ ವಾರ ಭಾವನೂ ಬಂದು ರಕ್ತ ಕೊಟ್ಟು ಹೋಗಿದ್ದಾರೆ. ಭಾವ ಎನ್ನಬಹುದೋ ಇಲ್ಲವೋ, ರಿಪೋರ್ಟ್ ಇನ್ನೂ ಬಂದಿಲ್ಲ.