ಬೇಡಿ ಪಡೆದ ಚಿತ್ರ

ಬಾಹ್ಯಾಕಾಶದಿಂದ ತೆಗೆದ ಭೂಮಿಯ ಛಾಯಾಚಿತ್ರಗಳು ಇಂದು ಯಾರಿಗೂ ಅಪರೂಪವಲ್ಲ. ಸುಲಭವಾಗಿ ದೊರೆತುದನ್ನು ನಾವು ಅಷ್ಟೇ ಸುಲಭವಾಗಿ ನೋಡಿ ಮರೆಯುತ್ತೇವೆ. ವಿದ್ಯಾರ್ಥಿಯು ಅಂಥ ಚಿತ್ರವನ್ನು ಬರಿದೆ ನೋಡದೆ, ಓದುವಂತೆ ಮಾಡುವ ಬಗೆ ಹೇಗೆ? ಅಮೆರಿಕದ ಭೌತವಿಜ್ಞಾನಿ ಸ್ಯಾಲಿ ರೈಡ್ ಅವರು ಇದಕ್ಕೆ ಒಂದು ಉತ್ತರವನ್ನು ಕಂಡುಕೊಂಡರು.

1983ರಲ್ಲಿ ಅಂತರಿಕ್ಷಕ್ಕೇರಿದ ಆ ದೇಶದ ಮೊದಲ ಮಹಿಳೆ ಈಕೆ. ಅವರ ಮುಂದಾಳುತನದಲ್ಲಿ 1996ರಲ್ಲಿ 'ಅಟ್ಲಾಂಟಿಸ್' ನೌಕೆಯ ಕಿಟಕಿಯಲ್ಲಿ ಒಂದು ಕ್ಯಾಮರಾವನ್ನು ಅಳವಡಿಸಲಾಯಿತು. 2001ರಲ್ಲಿ ಅಂಥದೇ ಏರ್ಪಾಡು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಬಂದಿತು. ಅದರ ವಿಶೇಷವೆಂದರೆ, ಯಾವ ಸ್ಥಳದ ಚಿತ್ರ ಬೇಕೆಂಬುದನ್ನು ಗೊತ್ತುಪಡಿಸಿದವರು ಗಗನಯಾತ್ರಿಗಳಲ್ಲ, ಶಾಲೆಯ ಮಕ್ಕಳು.

ಗೊತ್ತುಪಡಿಸುವುದೆಂದರೆ ಭೂಪಟದ ಮೇಲೆ ಬೆರಳಿಟ್ಟಷ್ಟು ಸುಲಭವಲ್ಲ. ನಿಲ್ದಾಣವು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಷ್ಟರಲ್ಲಿ ಭೂಮಿಯೂ ಪೂರ್ವಾಭಿಮುಖವಾಗಿ ತಿರುಗಿರುವುದರಿಂದ, ಮುಂದಿನ ಸುತ್ತಿನ ಹಾದಿ ಸುಮಾರು 23 ಡಿಗ್ರಿಗಳಷ್ಟು ಪಶ್ಚಿಮಕ್ಕೆ ಸರಿದಿರುತ್ತದೆ. ಬಯಸಿದ ಸ್ಥಳದ ಅಕ್ಷಾಂಶ ರೇಖಾಂಶಗಳಾವುವು, ನಿಲ್ದಾಣವು ಅದರ ಮೇಲೆ ಹಾಯುವುದು ಯಾವಾಗ, ಆಗ ಅಲ್ಲಿ ಹಗಲೋ ಇರುಳೋ ಎಂಬುದನ್ನೆಲ್ಲ ಮೊದಲೇ ಗಣಿಸಬೇಕು. ಹತ್ತು ಸೆಕೆಂಡು ತಪ್ಪಿದರೆ ಸುಮಾರು 70 ಕಿಲೋಮೀಟರ್ ಆಚೆಯ ನೆಲ ಚಿತ್ರದಲ್ಲಿ ಮೂಡೀತು. ಲೆಕ್ಕವೆಲ್ಲ ಸರಿಯಾಗಿದ್ದು, ಕಡೆಗೆ ಮೋಡ ಕವಿದು ಏನೂ ಕಾಣದಿರಲೂಬಹುದು. ನಿಸರ್ಗವು ನಮ್ಮ ಅಪ್ಪಣೆಗೆ ಕಾದಿಲ್ಲವೆಂಬುದೂ ಕಲಿಯತಕ್ಕ ಪಾಠವೇ.

ಚಿತ್ರ ಕೈಸೇರಿದ ಮೇಲೆ ಎರಡನೆಯ ಪಾಠ ಮೊದಲಾಗುತ್ತದೆ. ನೆಲದ ಮೇಲೆ ಊರಿನ ಹೆಸರನ್ನಾಗಲಿ, ದೇಶದ ಎಲ್ಲೆಯನ್ನಾಗಲಿ ಯಾರೂ ಬರೆದಿಟ್ಟಿಲ್ಲ. ನೈಲ್ ನದಿಯ ಮುಖಜಭೂಮಿಯ ಚಿತ್ರದಲ್ಲಿ ಕಾಣುವುದು ಮರಳಿನ ನಡುವಣ ಒಂದು ಹಸಿರು ತ್ರಿಕೋನ. ಆ ಹಸಿರು ಗೆರೆ ಕೊರೆದಂತೆ ಒಮ್ಮೆಗೇ ನಿಂತುದೇಕೆ? ನದಿಯ ನೀರು ಎಲ್ಲಿಯವರೆಗೆ ಹರಿಯಿತೋ ಅಲ್ಲಿಯವರೆಗೆ ಬೆಳೆ, ಅದರಾಚೆ ಮರುಭೂಮಿ. ಹೀಗೆ ಬಣ್ಣದಿಂದ ಕಾರಣಕ್ಕೆ ನಡೆಯುವುದೇ ಚಿತ್ರವನ್ನು ಓದುವ ಕ್ರಮ.

ಇಷ್ಟಕ್ಕೆ ಪ್ರತಿಯೊಂದು ಶಾಲೆಗೂ ಬಾಹ್ಯಾಕಾಶದಲ್ಲೊಂದು ಕ್ಯಾಮರಾ ಬೇಕಾಗಿಲ್ಲ. ಚಿತ್ರವನ್ನು ತೋರಿಸುವ ಮುನ್ನ ಉಪಾಧ್ಯಾಯರು, 'ಅಲ್ಲಿ ಏನು ಕಂಡೀತು? ಬರೆದು ತೋರಿಸಿ' ಎಂದರೆ ಸಾಕು. ತಾನು ಊಹಿಸಿ ಬರೆದುದಕ್ಕೂ ಎದುರಿಗಿರುವ ಚಿತ್ರಕ್ಕೂ ನಡುವೆ ಇರುವ ಅಂತರವನ್ನು ಮಗು ತಾನಾಗಿಯೇ ಅಳೆಯುತ್ತದೆ. ಉತ್ತರಗಳು ರಾಶಿ ಬಿದ್ದಿರುವ ಈ ಕಾಲದಲ್ಲಿ ಕೊರತೆಯಿರುವುದು ಚಿತ್ರಗಳಿಗಲ್ಲ, ಪ್ರಶ್ನೆಗಳಿಗೆ. ಕೇಳಿದವನಿಗಲ್ಲದೆ ಭೂಮಿಯ ಚಿತ್ರವೂ ಏನನ್ನೂ ಹೇಳದು.