ಖಾಲಿ ಪುಟ ಹಾಕಬೇಡಿ

ಪಂಪ್‌ಸೆಟ್ ಮೋಟಾರ್ ಸುಟ್ಟಿದೆ, ತೋಟಕ್ಕೆ ನೀರಿಲ್ಲ. 'ಶಿರಸಿಯಲ್ಲಿ ಮೋಟಾರ್ ರಿವೈಂಡಿಂಗ್' ಅಂತ ಮೊಬೈಲಲ್ಲಿ ಹುಡುಕ್ತೀರಿ. ಲಿಂಕ್ ಸಿಗುತ್ತೆ. ಒತ್ತಿದರೆ ಮೇಲೆ ದಪ್ಪಕ್ಷರದಲ್ಲಿ ಊರಿನ ಹೆಸರು, ಕೆಳಗೆ 'ಮಾಹಿತಿ ಶೀಘ್ರದಲ್ಲೇ ಬರಲಿದೆ'. ಅಷ್ಟೇ!

ಇಂಥ ಪುಟ ಹುಟ್ಟೋದು ಹೇಗೆ ಗೊತ್ತಾ? ಸೈಟ್ ಮಾಡೋರು ಒಂದು ಟೆಂಪ್ಲೇಟ್ ತಯಾರಿಸಿ, ಅದಕ್ಕೆ ಊರುಗಳ ಪಟ್ಟಿ ಕೊಡ್ತಾರೆ. ಊರಿಗೊಂದು ಪುಟ ತಾನಾಗಿಯೇ ರೆಡಿ. ಒಳಗೆ ಒಂದು ಅಂಗಡಿಯ ಫೋನ್ ನಂಬರೂ ಇರಲ್ಲ. ಕಷ್ಟದಲ್ಲಿರೋರ ಸಮಯ ಹೀಗೆ ಹಾಳು ಮಾಡೋದು ನಿಜಕ್ಕೂ ಅನ್ಯಾಯ.

ಗೂಗಲ್ ಇಂಥವನ್ನು 'ಸಾಫ್ಟ್ 404' ಅಂತ ಗುರುತಿಸುತ್ತೆ. ಪುಟ ಇಲ್ಲ ಅಂದ್ರೆ ಸರ್ವರ್ 404 ಅಂತ ಹೇಳಬೇಕು. ಇಲ್ಲಿ 200 ಅನ್ನುತ್ತೆ, ಅಂದ್ರೆ 'ಎಲ್ಲ ಸರಿಯಿದೆ'. ಆದ್ರೆ ಪುಟ ಖಾಲಿ. ದೊಡ್ಡ ಸೈಟುಗಳಲ್ಲಿ ಗೂಗಲ್‌ನ ಕ್ರಾಲರ್, ಅಂದ್ರೆ ಪುಟಗಳನ್ನು ಓದುತ್ತಾ ಹೋಗೋ ಪ್ರೋಗ್ರಾಂ, ಈ ಖಾಲಿ ಪುಟಗಳನ್ನೇ ಸುತ್ತುತ್ತಾ ಇದ್ರೆ, ಸೈಟ್ ಮಾಡೋ ನೀವು ಕಷ್ಟಪಟ್ಟು ಬರೆದ ಪುಟಗಳ ಸರದಿ ತಡವಾಗುತ್ತೆ. ಗೂಗಲ್ 2011ರಲ್ಲಿ ತನ್ನ ಹುಡುಕಾಟಕ್ಕೆ ತಂದ ಪಾಂಡಾ ಅಪ್‌ಡೇಟ್ ನೆನಪಿದೆಯಾ? ಸತ್ವವಿಲ್ಲದ ಪುಟಗಳಿಂದಾಗಿ ಎಷ್ಟೋ ಸೈಟುಗಳು ಇಡಿಯಾಗಿ ಹುಡುಕಾಟದಲ್ಲಿ ಕೆಳಗೆ ಜಾರಿದವು.

ಹಾಗಾಗಿ ವಿಳಾಸ, ನಂಬರ್, ಅಂಗಡಿ ತೆರೆಯೋ ಹೊತ್ತು, ಇಷ್ಟಾದರೂ ಕೈಗೆ ಸಿಕ್ಕ ಮೇಲೇ ಪುಟ ಹಾಕಿ. ಏನೋ ಕಾರಣಕ್ಕೆ ಮೊದಲೇ ಇರಲೇಬೇಕಾ? 'ಹುಡುಕಾಟದಲ್ಲಿ ತೋರಿಸಬೇಡ' ಅಂತ ಹೇಳೋ 'ನೋಇಂಡೆಕ್ಸ್' ಟ್ಯಾಗ್ ಹಾಕಿ, ಸೈಟಿನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಿಂದ ತೆಗೀರಿ. ಆದ್ರೆ ಅದೇ ಪುಟವನ್ನು ಕ್ರಾಲರ್ ಎಲ್ಲಿಗೆ ಹೋಗಬಾರದು ಅಂತ ಹೇಳೋ ರೋಬಾಟ್ಸ್ ಫೈಲಲ್ಲಿ (robots.txt) ಮಾತ್ರ ತಡೀಬೇಡಿ. ತುಂಬಾ ಜನ ಎಡವೋದು ಇಲ್ಲೇ. ಕ್ರಾಲರ್ ಒಳಗೇ ಬರದಿದ್ದರೆ ಆ ಟ್ಯಾಗ್ ಅದರ ಕಣ್ಣಿಗೆ ಬೀಳೋದೇ ಇಲ್ಲ.